ಮಾಸ್ತರರ ವಿಳಾಸದಲ್ಲಿ ಬೇರೆ ಯಾರೋ

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಬನಹಟ್ಟಿಯ ನಮ್ಮ ಓಣಿಗೆ ಕರೆಂಟು ಬಂತು. ಬೆಳಗಿನಿಂದ ಸುಮ್ಮನಿದ್ದ ಪವರ್‌ಲೂಮುಗಳೆಲ್ಲ ಒಂದೇ ಸಲ ಬಡಿಯತೊಡಗಿದವು. ಮಗ್ಗಗಳು ಎದ್ದವೆಂದರೆ ನಮ್ಮಲ್ಲಿ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ತುಟಿ ನೋಡಿ ತಿಳಿದುಕೊಳ್ಳಬೇಕು. ಹಿತ್ತಲಿನ ಬಣ್ಣದ ಮನೆಯಿಂದ ನಮ್ಮ ಚಿಕ್ಕಮ್ಮ, ಕಾಕು, ನನ್ನನ್ನು ಕೂಗಿದ್ದು ನನಗೆ ಕೇಳದೇ ಹೋದದ್ದು ಅದಕ್ಕೆ. ಅವಳ ಗಂಡ ಕಾಕಾ ರಬಕವಿಯಲ್ಲಿ ಒಬ್ಬರ ಮಗ್ಗದ ಶೆಡ್ಡಿನಲ್ಲಿದ್ದರು. ಕಾಕು ಅವರಿಗೂ ಫೋನು ಮಾಡಿದ್ದಳು. ಅಲ್ಲಿಗೂ ಅದೇ ಹೊತ್ತಿಗೆ ಕರೆಂಟು ಬಂದಿತ್ತು.

ನಾನು ಪಡಸಾಲೆಯಲ್ಲಿ ಕೂತು, ಮಾರಾಟಕ್ಕೆ ಹಾಕಬೇಕಿದ್ದ ಸೀರೆಗಳ ಫೋಟೋ ತೆಗೆಯುತ್ತಿದ್ದೆ. ಡಿಗ್ರಿ ಮುಗಿಸಿದ ಮೇಲೆ ಮನೆಯಲ್ಲಿ ನನಗೆ ಬಿದ್ದ ಕೆಲಸ ಅದು. ಮೊದಲು ಬಂದದ್ದು ವಾಸನೆ. ಕಡ್ಡಿಪೆಟ್ಟಿಗೆಯ ಕಡ್ಡಿಗಳನ್ನೆಲ್ಲ ಒಟ್ಟಿಗೆ ಗೀರಿದರೆ ಬರುವಂಥದ್ದು, ಮೂಗಿನ ಮೇಲ್ಗಡೆ ಹೋಗಿ ಕುಟುಕುವಂಥದ್ದು. ಎದ್ದು ಹಿತ್ತಲಿಗೆ ಹೋದೆ.

ಎರಡು ಮೂರು ದಿನದಿಂದ ಬಿಟ್ಟೂಬಿಡದೆ ಮಳೆ. ಬಣ್ಣದ ಮನೆಯ ತಗಡಿನಲ್ಲಿ ಎಲ್ಲೋ ಒಂದು ಮೊಳೆ ಸಡಿಲಾಗಿ, ಅದರ ಕೆಳಗೆ ಇಟ್ಟಿದ್ದ ಹೈಡ್ರೋಸ್ ಡಬ್ಬಿಯ ಮುಚ್ಚಳದೊಳಗೆ ನೀರು ಇಳಿದಿತ್ತು. ಹೈಡ್ರೋಸ್ ಎಂದರೆ ನೂಲಿಗೆ ಬಣ್ಣ ಹಿಡಿಸುವಾಗ ಹಾಕುವ ಬಿಳಿ ಪುಡಿ. ಒಣಗಿರುವ ತನಕ ಅದು ಉಪ್ಪಿನಷ್ಟು ಸಾಧು. ಡಬ್ಬಿಯ ಬಾಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಕಾಕು ಅದರ ಮುಂದೆ ನಿಂತಿದ್ದಳು. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ತಂಬಿಗೆ. ಅವಳು ಓದಲು ಬಾರದವಳಲ್ಲ. ಆದರೆ ಬಣ್ಣದ ಕೈಯಲ್ಲಿ ಫೋನು ಒತ್ತಬಾರದೆಂದು ಬಾಯಿಂದಲೇ ಕೇಳುವ ರೂಢಿ. ಡಬ್ಬಿಗೆ ನೀರು ಬಿದ್ದು ಹೊಗೆ ಬರುತ್ತಿದೆ, ಏನು ಮಾಡಬೇಕು ಎಂದು ಕೇಳಿದ್ದಳು. ಮಗ್ಗದ ಸದ್ದಿಗೆಂದು ಪೂರ್ತಿ ಏರಿಸಿಟ್ಟಿದ್ದ ಫೋನಿನ ಹೆಂಗಸಿನ ದನಿ ಮೊದಲು ಸಿಕ್ಕ ಪುಟದ ಹೆಸರು ಹೇಳಿ ಓದುತ್ತಿತ್ತು. ನಾನು ಹೊಸ್ತಿಲು ಮುಟ್ಟುವಾಗ ಆ ದನಿ, ಸ್ವಲ್ಪ ತಣ್ಣೀರು ಚಿಮುಕಿಸಿದರೆ ಪುಡಿ ಶಾಂತವಾಗುತ್ತದೆ ಎನ್ನುತ್ತಿತ್ತು. ಮಕ್ಕಳಿಗೆ ಪಾಠ ಹೇಳುವಷ್ಟು ಸಮಾಧಾನವಾಗಿ.

ಕಾಕು ನನ್ನ ಕಡೆ ತಿರುಗಿದಳು. ಮಾತನ್ನು ತುಟಿಯಿಂದಲೇ ಓದಿದೆ.

"ಮಾಸ್ತರ್ ಹೇಳ್ಯಾರ, ನೀರ ಹಾಕಬೇಕಂತ."

ಹಾಕಿದಳು.

ಸ್ಫೋಟ ಆಗಲಿಲ್ಲ. ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಪುಡಿ ಸಿಡಿಯಿತು. ಆಮೇಲೆ ಡಬ್ಬಿಯೊಳಗಿಂದ ಹಳದಿ ಮಿಶ್ರಿತ ಬಿಳಿ ಹೊಗೆ ಒಂದು ಕಂಬವಾಗಿ ಎದ್ದು ಅವಳ ಮುಖವನ್ನೇ ಇಲ್ಲದಂತೆ ಮಾಡಿತು. ಅದರ ಬುಡದಲ್ಲಿ ಉರಿ ಕಂಡಿತು. ತಂಬಿಗೆ ನೆಲಕ್ಕೆ ಬಿದ್ದದ್ದು ಕಂಡಿತು, ಸದ್ದು ಕೇಳಲಿಲ್ಲ. ಮಗ್ಗಗಳು ಬಡಿಯುತ್ತಲೇ ಇದ್ದವು. ಹೊಗೆಯೊಳಗೆ ಕೈ ಹಾಕಿದೆ, ಸೆರಗು ಸಿಕ್ಕಿತು, ಎಳೆದೆ. ಸೆರಗಿನ ತುದಿ ಸುಡುತ್ತಿತ್ತು. ಅವಳು ಹೊರಗೆ ಕಲ್ಲಿನ ಮೇಲೆ ಬಿದ್ದಳು. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ಇವತ್ತಿಗೂ ನನ್ನ ಕಣ್ಣ ಮುಂದೆ ಬರುವುದು ಬೆಂಕಿಯಲ್ಲ, ಆ ತೆರೆದ ಬಾಯಿ.

ಜಮಖಂಡಿಯ ಆಸ್ಪತ್ರೆಯಲ್ಲಿ ಉಸಿರಿಗೆ ನಳಿಗೆ ಹಾಕಿದರು. ಕಣ್ಣು ತೊಳೆದರು. ಬಲಗೈಯ ಚರ್ಮ ಮೊಣಕೈವರೆಗೆ ಸುಟ್ಟಿತ್ತು. ಇನ್ನೊಂದು ಗಳಿಗೆ ಒಳಗಿದ್ದರೆ ಗಂಟಲು ಬಾತು ಮುಚ್ಚಿಹೋಗುತ್ತಿತ್ತು ಎಂದು ಡಾಕ್ಟರು ಕಾಕಾನಿಗೆ ಹೇಳಿದರು. ಕಾಕಾ ಹೊರಗಿನ ಬೆಂಚಿಗೆ ಬಂದು ಕೂತು ಒಂದೇ ಮಾತು ಕೇಳಿದರು, ಅವಳು ಡಬ್ಬಿಗೆ ನೀರು ಯಾಕೆ ಹಾಕಿದಳು? ನಾನು ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

"ಮಾಸ್ತರ್ ಹಂಗ ಹೇಳಾಕ ಸಾಧ್ಯನ ಇಲ್ಲ. ಹೈಡ್ರೋಸಿಗೆ ಹಸೀ ಕೈ ಸಹಿತ ತೋರಸಬ್ಯಾಡ ಅಂತಿದ್ರು ಅವ್ರು."

ಮಾಸ್ತರರು ಎಂದರೆ ನೇಕಾರಿಕೆ ತರಬೇತಿ ಶಾಲೆಯಲ್ಲಿ ಬಣ್ಣ ಕಲಿಸಿದವರು. ಬನಹಟ್ಟಿ, ರಬಕವಿಯ ಅರ್ಧ ಬಣ್ಣದ ಮನೆಗಳು ಅವರ ಶಿಷ್ಯರವು. ನಿವೃತ್ತಿಯಾದ ಮೇಲೆ ಮುಧೋಳದ ಮಗನ ಮನೆಯಲ್ಲಿ ಕೂತು, ವಯಸ್ಸಾದ ಬೆರಳಿನಿಂದ ಕಂಪ್ಯೂಟರು ಕಲಿತು, ತಮ್ಮ ಪಾಠಗಳನ್ನೆಲ್ಲ ಕನ್ನಡದಲ್ಲಿ ಬರೆದು ಒಂದು ವೆಬ್‌ಸೈಟ್ ಮಾಡಿದ್ದರು. ಯಾವ ನೂಲಿಗೆ ಎಷ್ಟು ಸೋಡಾ, ಯಾವ ಬಣ್ಣ ಬಿಸಿಲಿಗೆ ನಿಲ್ಲುತ್ತದೆ, ಯಾವ ಪುಡಿ ಎಲ್ಲಿ ಇಡಬೇಕು. ಕನ್ನಡದಲ್ಲಿ ಬಣ್ಣದ ಕೆಲಸದ ಬಗ್ಗೆ ಏನು ಕೇಳಿದರೂ ಮೊದಲು ಬರುತ್ತಿದ್ದದ್ದು ಅವರ ಪುಟವೇ. ಅದರ ಹೆಸರು ಕಾಕುವಿಗೆ ದೇವರ ನಾಮದಷ್ಟು ಬಾಯಿಪಾಠ. ಮಾಸ್ತರರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು.

ಬೆಂಚಿನ ಮೇಲೆ ಕೂತೇ ಆ ಪುಟ ತೆರೆದೆ. ವಿಳಾಸ ಅದೇ. ತಲೆಬರಹ ಅದೇ. ಮಾಸ್ತರರ ಟೋಪಿ ಹಾಕಿದ ಫೋಟೋ ಇರಲಿಲ್ಲ. ಅದರ ಜಾಗದಲ್ಲಿ ಮೊಣಕಾಲು ನೋವಿನ ಎಣ್ಣೆಯ ಜಾಹೀರಾತು, ಕೆಳಗೆ ತಕ್ಷಣ ಸಾಲ ಕೊಡುವವರ ಜಾಹೀರಾತು. ನಡುವೆ ಒಂದು ಕನ್ನಡ, ವ್ಯಾಕರಣ ತಪ್ಪಿಲ್ಲದ, ಆದರೆ ಯಾರೂ ಎಲ್ಲೂ ಆಡದ ಕನ್ನಡ. ಹೈಡ್ರೋಸಿನ ಬಗ್ಗೆ ಬರೆದದ್ದು ಯಾವುದೋ ಬೇರೆ ಪುಡಿಯ ಬಗ್ಗೆ ಬರೆದಂತಿತ್ತು. ಸತ್ತವರ ಮನೆಯ ಬಾಗಿಲು ತೆರೆದಿದೆ, ಒಳಗೆ ದೀಪ ಉರಿಯುತ್ತಿದೆ, ಅವರ ಕುರ್ಚಿಯಲ್ಲಿ ಯಾರೋ ಕೂತು ಬಂದವರಿಗೆಲ್ಲ ಮದ್ದು ಹೇಳುತ್ತಿದ್ದಾನೆ, ಹಾಗನಿಸಿತು.

ಮುಧೋಳದಲ್ಲಿರುವ ಮಾಸ್ತರರ ಮಗನಿಗೆ ಫೋನು ಮಾಡಿದೆ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ವಿಳಾಸವನ್ನು ವರ್ಷವರ್ಷ ನವೀಕರಿಸಬೇಕಂತೆ. ಅದರ ನೆನಪೋಲೆಗಳು ತಂದೆಯ ಮೇಲ್‌ಗೆ ಬಂದಿರಬೇಕು. ತಂದೆ ಹೋದ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ. ಅವಧಿ ಮುಗಿದು ವಿಳಾಸ ಬಿಡುಗಡೆಯಾಗಿತ್ತು, ಎಲ್ಲಿಯೋ ಇರುವ ಯಾರೋ ಅದನ್ನು ಹಿಡಿದುಕೊಂಡಿದ್ದರು. ಆ ಯಾರೋ ಯಾರೆಂದು ನಮಗೆ ಇವತ್ತಿಗೂ ಗೊತ್ತಿಲ್ಲ. ಮಗ ಫೋನಿನಲ್ಲೇ ಅತ್ತರು. ಅಪ್ಪನ ಹೆಸರಿನಲ್ಲಿ ಹೀಗಾಯಿತಲ್ಲ ಎಂದರು.

ಕಾಕು ಮನೆಗೆ ಬಂದಳು. ದನಿ ಒಡೆದುಹೋಗಿತ್ತು, ಒಡಕು ಮಡಕೆಯಲ್ಲಿ ಮಾತಾಡಿದಂತೆ. ಕೈಯ ಗಾಯ ಮಾಗುತ್ತ ಬಂತು. ನಿದ್ದೆ ಮಾತ್ರ ಬರಲಿಲ್ಲ. ಕಣ್ಣು ಮುಚ್ಚಿದರೆ ಹೊಗೆ ಕಾಣುತ್ತದೇನೋ ಎಂದು ನಾವು ಅಂದುಕೊಂಡಿದ್ದೆವು. ಅದಲ್ಲ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅವಳು ಫೋನಿಗೆ ಅದೇ ಪ್ರಶ್ನೆ ಕೇಳುತ್ತಿದ್ದಳು. ಅದು ಅದೇ ಉತ್ತರ ಓದುತ್ತಿತ್ತು. ಸ್ವಲ್ಪ ತಣ್ಣೀರು. ಫೋನು ಕಸಿದುಕೊಳ್ಳಲು ಹೋದ ಕಾಕಾನನ್ನು ಅವಳು ತಡೆದಳು.

"ನನ್ನ ಕಡಿಂದ ಕಸಗೊಂಡ್ರ ಏನಾತು? ಅದು ಇನ್ನೂ ಹೇಳಾಕತ್ತೈತಿ. ಯಾವ ಊರಾಗ, ಯಾವ ಹೆಣ್ಣಮಗಳು ತಂಬಿಗಿ ಹಿಡಕೊಂಡು ನಿಂತಿರತಾಳೋ. ಮಾಸ್ತರ್ ಹೇಳ್ಯಾರಂತ ಹಾಕತಾಳ. ನನಗ ಹ್ಯಾಂಗ ನಿದ್ದಿ ಬರಬೇಕು?"

ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಆ ವಾರವೇ ರಬಕವಿಯ ಒಂದು ಬಣ್ಣದ ಮನೆಯಲ್ಲಿ ಹಾಗೆಯೇ ಡಬ್ಬಿ ಹಸಿಯಾಗಿ ಹೊಗೆ ಬಂತು. ಆ ಮನೆಯವರೂ ಫೋನಿಗೆ ಕೇಳಿದ್ದರು, ಅವರಿಗೂ ಅದೇ ಉತ್ತರ ಬಂದಿತ್ತು. ಆದರೆ ನಮ್ಮ ಸುದ್ದಿ ಬಾಯಿಂದ ಬಾಯಿಗೆ ಅಷ್ಟೊತ್ತಿಗೆ ಅಲ್ಲಿಗೆ ಮುಟ್ಟಿತ್ತು. ಎಲ್ಲರೂ ಹೊರಗೆ ಓಡಿ ಅಗ್ನಿಶಾಮಕದವರನ್ನು ಕರೆದರು. ಡಬ್ಬಿ ಒಂದೇ ಸುಟ್ಟಿತು. ಬಾಯಿಸುದ್ದಿ ಮುಟ್ಟುವ ಊರಿಗೆ ಸರಿ. ಮುಟ್ಟದ ಊರಿಗೆ?

ಜಮಖಂಡಿಯ ಬಸ್ ನಿಲ್ದಾಣದ ಹತ್ತಿರ ನನ್ನ ಕಾಲೇಜಿನ ಗೆಳತಿ ಕಂಪ್ಯೂಟರ್ ತರಗತಿ ನಡೆಸುತ್ತಾಳೆ. ಅಂಗಡಿಗಳವರಿಗೆ ವೆಬ್‌ಸೈಟ್ ಮಾಡಿಕೊಡುವುದು, ಅವು ಹುಡುಕಾಟದಲ್ಲಿ ಮೇಲೆ ಬರುವಂತೆ ನೋಡಿಕೊಳ್ಳುವುದು ಅವಳ ಕಸುಬು. ಅವಳ ಮುಂದೆ ಕೂತು ನಾನು ಕೇಳಿದ್ದು ಒಂದೇ. ಮಾಲೀಕ ಬದಲಾದ, ಬರಹ ಬದಲಾಯಿತು, ಬರೆದದ್ದು ಕೊಲ್ಲುವಂಥದ್ದು. ಆದರೂ ಅದು ಮೊದಲನೇ ಸ್ಥಾನದಲ್ಲಿ ಯಾಕೆ ಕೂತಿದೆ?

ಅವಳು ಪರದೆ ತಿರುಗಿಸಿ ತೋರಿಸಿದಳು. ಆ ವಿಳಾಸದ ಕಡೆ ಬೆರಳು ತೋರಿಸುವ ಬೇರೆ ಬೇರೆ ಪುಟಗಳ ಸಾಲು. ಜಮಖಂಡಿಯ ಒಂದು ಕಾಲೇಜಿನ ಪುಟ. ನೇಕಾರರ ಸಂಘವೊಂದರ ಪುಟ. ಮುಧೋಳದಲ್ಲಿ ನಾಯಿ ಸಾಕುವ ಒಬ್ಬರ ಪುಟ. ಬೀಳಗಿ ಕಡೆಯ, ಮುಳುಗಡೆಯಾದ ಒಂದು ಹಳ್ಳಿಯ ನೆನಪಿಗೆ ಮಾಡಿದ ಪುಟ. ಎಲ್ಲವೂ ಮಾಸ್ತರರು ಬದುಕಿದ್ದಾಗ ಅವರನ್ನು ಬಲ್ಲವರು ಹಾಕಿದ ಲಿಂಕ್‌ಗಳು. ಒಂದೊಂದು ಲಿಂಕ್ ಅಂದರೆ ಒಂದೊಂದು ಸಾಕ್ಷಿ, ಇವರು ತಿಳಿದವರು, ಇವರ ಹತ್ತಿರ ಹೋಗಿ ಅಂತ ಹೇಳಿದಂತೆ.

"ಹಳೇ ಲಿಂಕ್ ಅಂದ್ರ ಬೆಲಿ ಜಾಸ್ತಿ ಏನು?" ಎಂದು ಕೇಳಿದೆ.

"ಬರೇ ವಯಸ್ಸಾತು ಅಂತ ಬೆಲಿ ಬರಂಗಿಲ್ಲಲೇ. ಇಷ್ಟ ವರ್ಷ ಅಲ್ಲೇ ನಿಂತೈತಿ, ಯಾರೂ ಕಿತ್ತಿಲ್ಲ, ಅದು ಇರೂ ಪುಟಾನೂ ಹೆಸರು ಮಾಡೈತಿ. ಹುಡುಕೂ ಯಂತ್ರ ಅದನ್ನ ನೋಡತೈತಿ. ಹೊಸಾದ್ರ ಮ್ಯಾಲ ಒಂದಿಷ್ಟ ದಿನ ಕಣ್ಣಿಟ್ಟಿರತೈತಿ. ತೂಕ ಎಷ್ಟಂತ ಹೊರಗಿನವ್ರಿಗೆ ಯಾರಿಗೂ ಖರೆ ಗೊತ್ತಿಲ್ಲ. ನಾವೆಲ್ಲ ನೋಡಿ ನೋಡಿ ತಿಳಕೊಂಡಿದ್ದು."

"ಮನಿಯಾಗ ಬ್ಯಾರೆಯಂವ ಬಂದು ಕುಂತಾನ ಅಂತ ಅದಕ್ಕ ತಿಳಿಯಂಗಿಲ್ಲೇನು?"

"ಒಮ್ಮೊಮ್ಮೆ ತಿಳೀತೈತಿ. ಎಲ್ಲಾ ಸಲಾ ಅಲ್ಲ. ಕನ್ನಡದಾಗ ಹೈಡ್ರೋಸಿನ ಬಗ್ಗೆ ಬರದವ್ರು ಮತ್ಯಾರದಾರ ಹೇಳು? ಅದರ ಎದುರಿಗೆ ನಿಂದ್ರಾಕ ಇನ್ನೊಂದು ಪುಟಾನ ಇಲ್ಲ."

ನನಗೆ ರಬಕವಿಯ ನೂಲಿನ ಪೇಟೆ ನೆನಪಾಯಿತು. ಹೊಸಬನೊಬ್ಬ ಬಂದು ನೂಲು ಕೇಳಿದರೆ ವ್ಯಾಪಾರಿ ಅವನ ಮುಖ ನೋಡುವುದಿಲ್ಲ, ಯಾರು ಕಳಿಸಿದರು ಎಂದು ಕೇಳುತ್ತಾನೆ. ಕಳಿಸಿದವರು ಅಜ್ಜನ ಕಾಲದಿಂದ ಗುರುತಿನವರಾದರೆ ನೂಲಿನ ಲಡಿಗಳನ್ನು ಕೂಡಲೇ ಗಂಟು ಕಟ್ಟಿ ಕೊಡುತ್ತಾನೆ. ಕಳಿಸಿದವರು ಇವನನ್ನು ಕೊನೆಗೆ ನೋಡಿದ್ದು ಯಾವಾಗ ಎಂದು ಯಾರೂ ಕೇಳುವುದಿಲ್ಲ. ನಾನು ಹುಟ್ಟಿದಾಗಿನಿಂದ ಈ ಪದ್ಧತಿ ನೋಡಿದ್ದೇನೆ, ಹೊರಗಿನವರ ಮುಂದೆ ಹೆಮ್ಮೆಯಿಂದ ಹೇಳಿದ್ದೇನೆ. ಅವತ್ತು ಗೆಳತಿಯ ತರಗತಿಯಲ್ಲಿ ಮೊದಲ ಸಲ ಅದಕ್ಕೆ ಹೆದರಿದೆ. ಆ ಯಂತ್ರವೂ ನಮ್ಮ ಪೇಟೆಯ ಹಾಗೆಯೇ ಯೋಚಿಸುತ್ತದೆ.

ಪುಟ ಅಪಾಯಕಾರಿ ಎಂದು ಹುಡುಕಾಟದ ಕಂಪನಿಗೆ ದೂರು ಬರೆದೆವು. ಸ್ವೀಕರಿಸಿದ್ದೇವೆ ಎಂಬ ಉತ್ತರ ಬಂತು, ಅದರ ಮುಂದೆ ಏನೂ ಬರಲಿಲ್ಲ. ಮಾಸ್ತರರ ಮಗನ ಒಪ್ಪಿಗೆ ತೆಗೆದುಕೊಂಡು ಹೊಸ ಪುಟವೊಂದನ್ನು ಮಾಡಿದೆವು. ಕಾಕಾ ಹೇಳುತ್ತ ಹೋದರು, ನಾನು ಬರೆದೆ. ನೀರು ಹಾಕಬೇಡಿ. ಡಬ್ಬಿಯ ಹತ್ತಿರ ಬಗ್ಗಬೇಡಿ. ಎಲ್ಲರೂ ಹೊರಗೆ ಬಂದು ಗಾಳಿ ಬೀಸಿ ಬರುವ ಕಡೆ ನಿಲ್ಲಿ. ಅಗ್ನಿಶಾಮಕ ದಳಕ್ಕೆ ಫೋನು ಮಾಡಿ, ಒಳಗಿರುವುದು ಹೈಡ್ರೋಸ್ ಎಂದು ಹೇಳಿ. ಬರೆದು ಮುಗಿಸಿ, ಕಾಕು ಕೇಳುವ ಪ್ರಶ್ನೆಯನ್ನೇ ಫೋನಿಗೆ ಕೇಳಿದೆವು. ನಮ್ಮ ಪುಟ ಎಲ್ಲೂ ಇರಲಿಲ್ಲ. ಕೆಳಗೆ, ಇನ್ನೂ ಕೆಳಗೆ, ಬಟ್ಟೆ ಒಗೆಯುವ ಪುಡಿಯ ಜಾಹೀರಾತುಗಳನ್ನೂ ದಾಟಿ ಹೋದರೂ ಇರಲಿಲ್ಲ.

ಈ ವಿಷಯ ಓಣಿಯಲ್ಲಿ ಹಬ್ಬಿತು. ನಮ್ಮದು ಕೈಮಗ್ಗದ ಕಾಲದ ಓಣಿ. ಆಗೆಲ್ಲ ಬೀದಿಯುದ್ದಕ್ಕೂ ಹಾಸು, ಅಂದರೆ ಮಗ್ಗದ ಉದ್ದನೂಲು, ಬಿಚ್ಚಿ ಗಂಜಿ ಹಚ್ಚುವಾಗ ಒಬ್ಬರ ಮನೆಯದಾದರೂ ಇಡೀ ಓಣಿ ಬಂದು ಕೈ ಹಾಕುತ್ತಿತ್ತು. ಬಿಸಿಲು ಏರುವ ಮುಂಚೆ ಮುಗಿಯಬೇಕು, ಹಾಗಾಗಿ ಎಲ್ಲರೂ ಒಟ್ಟಿಗೆ, ಒಂದೇ ಹೊತ್ತಿಗೆ. ಪವರ್‌ಲೂಮು ಬಂದು ಆ ಕೆಲಸ ಹೋಯಿತು, ಬುದ್ಧಿ ಹೋಗಲಿಲ್ಲ. ಓಣಿಯ ಹಿರಿಯರೊಬ್ಬರು ನಮ್ಮ ಕಟ್ಟೆಗೆ ಬಂದು ಕೂತು, ಸಾಕ್ಷಿ ಕಡಿಮೆ ಬಿದ್ದಾವೇನು, ನಾವು ಹೇಳುತ್ತೇವೆ ಸಾಕ್ಷಿ ಎಂದರು. ಮಗ್ಗ ನಿಲ್ಲುವ ಅಮಾವಾಸ್ಯೆಯ ದಿನವನ್ನು ಅದಕ್ಕೆ ಗೊತ್ತುಮಾಡಿದರು. ನಾನೂ ಗೆಳತಿಗೆ ಹೇಳಲಿಲ್ಲ. ನನಗೂ ಅದು ಸರಿಯೆನಿಸಿತ್ತು.

ಅವತ್ತು ಓಣಿಯಲ್ಲಿ ಫೋನಿದ್ದವರೆಲ್ಲ ಒಂದೇ ವಾಕ್ಯ ಬರೆದು, ನಮ್ಮ ಪುಟದ ಲಿಂಕ್ ಅಂಟಿಸಿ, ಕಂಡ ಕಂಡಲ್ಲಿ ಹಾಕಿದರು. ಸೀರೆ ಅಂಗಡಿಗಳ ಪುಟಗಳಲ್ಲಿ, ಮದುವೆಯ ಬ್ಯಾಂಡಿನವರ ಪುಟದಲ್ಲಿ, ಕ್ರಿಕೆಟ್ ಸುದ್ದಿಯ ಕೆಳಗೆ, ಶೇಂಗಾ ಹೋಳಿಗೆ ಮಾಡುವ ವಿಧಾನದ ಕೆಳಗೆ. ಅಮೆರಿಕದ ಒಬ್ಬ ಮೀನು ಸಾಕುವವನ ಪುಟದಲ್ಲೂ ಕನ್ನಡದಲ್ಲಿ ಹೈಡ್ರೋಸಿನ ಎಚ್ಚರಿಕೆ ಬಿತ್ತು. ಸಂಜೆಗೆ ಎಲ್ಲರಿಗೂ ಚುರುಮುರಿ ಆಯಿತು. ಎರಡು ದಿನದಲ್ಲಿ ನಮ್ಮ ಪುಟ ಹುಡುಕಾಟದಲ್ಲಿ ಕಂಡಿತು. ಕಾಕು ಮೊದಲ ಸಲ ನಕ್ಕಳು. ಆ ವಾರ ಮುಗಿಯುವುದರೊಳಗೆ ಅದು ಕಾಣದಾಯಿತು. ಹೆಸರು ಹಿಡಿದು ಕೇಳಿದರೂ ಬರಲಿಲ್ಲ.

ಗೆಳತಿ ನೋಡಿ ತಲೆ ಹಿಡಿದುಕೊಂಡಳು.

"ಹಾಸು ಹಿಡದಂಗ ಹಿಡದೀರೇನು ಇದನ್ನ? ಒಂದ ದಿನ, ಒಂದ ಮಾತು, ಇಷ್ಟು ಮಂದಿ. ಕೂಲಿ ಕೊಟ್ಟು ಕರಕೊಂಡು ಬಂದ ಸಾಕ್ಷಿ ಅಂತ ಆ ಯಂತ್ರ ತಿಳಕೊಂಡೈತಿ."

ಒಬ್ಬರೂ ಒಂದು ಪೈಸೆ ಮುಟ್ಟಿರಲಿಲ್ಲ. ಎಲ್ಲರೂ ಕಾಕುವಿನ ಸಲುವಾಗಿ ಮಾಡಿದವರು. ಆ ಮೀನಿನವನ ಪುಟದಲ್ಲಿ ಹಾಕಿದವರು ನಮ್ಮ ಪಕ್ಕದ ಮನೆಯ ಅಜ್ಜಿ, ಮೀನಿನ ಬಣ್ಣ ಚಂದ ಕಂಡಿತಂತೆ. ಹಾಕಿದ್ದನ್ನೆಲ್ಲ ಮತ್ತೆ ಒಂದೊಂದಾಗಿ ತೆಗೆಸಲು ಎಷ್ಟೋ ದಿನ ಹಿಡಿಯಿತು. ಕಾಕು ಬೆಳಿಗ್ಗೆ ಕೇಳುತ್ತಲೇ ಇದ್ದಳು. ಸ್ವಲ್ಪ ತಣ್ಣೀರು.

ಉಳಿದದ್ದು ಒಂದೇ ದಾರಿ ಎಂದಳು ಗೆಳತಿ. ಹೊಸ ಸಾಕ್ಷಿ ಸೇರಿಸುವುದಲ್ಲ. ಹಳೆಯ ಸಾಕ್ಷಿಗಳ ಹತ್ತಿರ ಹೋಗಿ, ನೀವು ಬೆರಳು ತೋರಿಸುತ್ತಿರುವ ಮನೆಯಲ್ಲಿ ಈಗ ಅವರಿಲ್ಲ ಎಂದು ಹೇಳುವುದು. ಆ ಲಿಂಕ್‌ಗಳು ಇದ್ದಲ್ಲೇ ಇರಲಿ, ಅದೇ ಪುಟ, ಅದೇ ಸಾಲು. ಮುಟ್ಟುವ ವಿಳಾಸ ಮಾತ್ರ ಹೊಸದಾಗಲಿ. ತಿರುಗಿಸಿದ ಮೇಲೆ ಹಳೆಯ ತೂಕ ಪೂರ್ತಿ ಉಳಿಯುತ್ತದೆಂದು ಅವಳು ಮಾತು ಕೊಡಲಿಲ್ಲ. ಆ ಸುಳ್ಳು ಪುಟದ ಕಾಲ ಕೆಳಗಿನ ಕಲ್ಲಂತೂ ಸರಿಯುತ್ತದೆ ಎಂದಳು.

ಜಮಖಂಡಿಯ ಕಾಲೇಜಿನಲ್ಲಿ ಆ ಪುಟ ಮಾಡಿದವರು ನಿವೃತ್ತರಾಗಿದ್ದರು, ಪಾಸ್‌ವರ್ಡ್ ಅವರ ಜೊತೆಗೇ ಹೋಗಿತ್ತು. ಅವರನ್ನು ಹುಡುಕಿ, ಮೊಮ್ಮಗಳ ಹೆಸರೇ ಪಾಸ್‌ವರ್ಡ್ ಎಂದು ನೆನಪಿಸಿಕೊಳ್ಳುವವರೆಗೆ ಕಾದು ಕೂತೆವು. ನೇಕಾರರ ಸಂಘದವರು ಕಾಕುವಿನ ಕೈ ನೋಡಿದ್ದರು, ಅಲ್ಲಿ ಮಾತೇ ಬೇಕಾಗಲಿಲ್ಲ. ಮುಧೋಳದ ನಾಯಿ ಸಾಕುವವರ ಮನೆ ತಿಮ್ಮಾಪುರದ ದಾರಿಯಲ್ಲಿ. ನಾಯಿಗಳ ಕೊರಳಪಟ್ಟಿಯ ನೂಲಿಗೆ ಬಣ್ಣ ಹಾಕುವುದನ್ನು ಮಾಸ್ತರರು ಅವರಿಗೆ ಕಲಿಸಿದ್ದರಂತೆ, ಲಿಂಕ್ ಹಾಕಿದ್ದು ಆ ಋಣಕ್ಕೆ. ಒಂದು ಕಂದು ನಾಯಿ ಉದ್ದ ಮೂತಿಯನ್ನು ನನ್ನ ಮೊಣಕಾಲಿಗೆ ಒತ್ತಿ ನಿಂತಿತ್ತು. ಅವರು ಸುಳ್ಳು ಪುಟವನ್ನು ಓದಿ ಮುಗಿಸಿ ಅದರ ವಿಳಾಸವನ್ನು ಮತ್ತೊಮ್ಮೆ ನೋಡಿದರು. ಆಮೇಲೆ, ನನ್ನ ಹೆಸರಿನ ಮೇಲೆ ಇಷ್ಟು ವರ್ಷ ಇದು ನಿಂತಿತ್ತೇ ಎಂದಷ್ಟೇ ಕೇಳಿ, ನಮ್ಮೆದುರಿಗೇ ಬದಲಾಯಿಸಿದರು.

ಕಷ್ಟವಾದದ್ದು ಬೀಳಗಿಯಲ್ಲಿ. ಮಾಸ್ತರರು ಹುಟ್ಟಿದ ಹಳ್ಳಿ ಆ ಕಡೆಯದು, ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ್ದು. ಅವರ ಬಾಲ್ಯದ ಗೆಳೆಯರೊಬ್ಬರು ಪುನರ್ವಸತಿ ಕೇಂದ್ರದಲ್ಲಿದ್ದಾರೆ. ಊರು ಹೋದ ಮೇಲೆ ಊರಿನ ಬಗ್ಗೆ ಒಂದು ಪುಟ ಮಾಡಿದವರು. ಯಾರ ಮನೆ ಎಲ್ಲಿತ್ತು, ಬಾವಿ ಯಾವುದು, ಊರಿನಿಂದ ಹೊರಗೆ ಹೋಗಿ ಹೆಸರು ಮಾಡಿದವರು ಯಾರು. ಮಾಸ್ತರರ ಹೆಸರಿನ ಕೆಳಗೆ ಅವರ ವೆಬ್‌ಸೈಟಿನ ಲಿಂಕ್. ಗೆಳತಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ಭಾರದ್ದು ಅದೇ. ಎಲ್ಲಕ್ಕಿಂತ ಹಳೆಯದು, ಪತ್ರಿಕೆಗಳವರು, ಸಂಶೋಧನೆ ಮಾಡುವವರು ಎಲ್ಲ ಆ ಪುಟಕ್ಕೆ ಬೆರಳು ತೋರಿಸಿದ್ದರು.

ಅವರು ಚಹಾ ಕೊಟ್ಟರು, ಎಲ್ಲ ಕೇಳಿದರು, ಆಗುವುದಿಲ್ಲ ಎಂದರು.

"ಅಂವ ಬದುಕಿದ್ದಾಗ ತಾನ ಕುಂತು ಹಾಕಿಸಿದ್ದು ಅದು. ಊರ ಹೋತು, ಮನಿ ಹೋತು, ಅಂವನೂ ಹೋದ. ಅಂವನ ಕಡೆ ಹೋಗೂ ದಾರಿ ಅಂತ ಉಳದದ್ದು ಅದೊಂದ ಐತಿ. ನಾ ಮುಟ್ಟಂಗಿಲ್ಲವ್ವಾ."

ಜೊತೆಗೆ ಬಂದಿದ್ದ ಕಾಕು ಅಷ್ಟು ಹೊತ್ತೂ ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದಳು. ತನ್ನ ಫೋನು ತೆಗೆದು ಅವರ ಮುಂದೆ ಇಟ್ಟು, ಒಡಕು ದನಿಯಲ್ಲಿ ದಿನಾ ಕೇಳುವ ಪ್ರಶ್ನೆ ಕೇಳಿದಳು. ಫೋನು ಮಾಸ್ತರರ ವಿಳಾಸದ ಹೆಸರು ಹೇಳಿತು, ಓದಿತು. ಆಮೇಲೆ ಕಾಕು ಸೆರಗು ಸರಿಸಿ ಬಲಗೈ ತೋರಿಸಿದಳು. ಗಾಯ ಮಾಗಿ ಚರ್ಮ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು.

"ನಾನೂ ಅವ್ರ ಕಡೇನ ಹೊಂಟಿದ್ದೆರಿ, ಅಣ್ಣಾರ. ಈ ದಾರಿ ಹಿಡದು."

ಅವರು ಎದ್ದು ಹೊರಗೆ ಹೋದರು. ನಮಗೆ ಮುನಿಸು ಮಾಡಿಕೊಂಡರೇನೋ ಅನಿಸಿತು. ಅಂಗಳದಲ್ಲಿ ನಿಂತು ಹಿನ್ನೀರಿನ ಕಡೆ ನೋಡುತ್ತಿದ್ದರು. ಅಲ್ಲಿಂದ ಹಳೆಯ ಡಾಂಬರು ರಸ್ತೆ ಕಾಣುತ್ತದೆ. ಊರಿಗೆ ಹೋಗುತ್ತಿದ್ದದ್ದು, ಈಗ ನೇರವಾಗಿ ನೀರೊಳಗೆ ಇಳಿಯುತ್ತದೆ. ನೀರು ಬಂದ ಹೊಸತರಲ್ಲಿ, ಅಲ್ಲಿನ ಊರ ಹೆಸರಿನ ಕಲ್ಲು ನಂಬಿ ಒಬ್ಬ ಪರ ಊರಿನವನು ಕತ್ತಲಲ್ಲಿ ಗಾಡಿ ಇಳಿಸಿಬಿಟ್ಟಿದ್ದನಂತೆ. ಪುಣ್ಯಕ್ಕೆ ಉಳಿದ. ಮರುದಿನ ಇವರೇ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಆ ಕಲ್ಲು ಕಿತ್ತಿದ್ದರು. ಅದನ್ನು ನಮಗೆ ಹೇಳಿದ್ದು ಅವರ ಹೆಂಡತಿ, ಒಳಗಿನಿಂದ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ. ಅವತ್ತು ಕಿತ್ತವರಿಗೆ ಇವತ್ತು ಯಾಕೆ ಕೈ ಬರುತ್ತಿಲ್ಲ ಎಂದು ಗಂಡನಿಗೆ ಕೇಳುವಷ್ಟು ಜೋರಾಗಿ ಅಂದರು.

ಅವರು ಒಳಗೆ ಬಂದು ಕನ್ನಡಕ ಹಾಕಿಕೊಂಡರು. ಗೆಳೆಯನ ಬಗ್ಗೆ ಬರೆದಿದ್ದ ಒಂದು ಅಕ್ಷರವನ್ನೂ ತೆಗೆಯಬಾರದು ಎಂದರು. ತೆಗೆಯಲಿಲ್ಲ. ವಿಳಾಸ ಬದಲಾಯಿತು. ಮಗನ ಹತ್ತಿರ ಸಿಕ್ಕ, ಮಾಸ್ತರರ ಟೋಪಿಯ ಫೋಟೋವನ್ನು ನಾವು ಹೊಸ ಪುಟಕ್ಕೆ ಹಾಕಿದೆವು. ಅದನ್ನು ತೆರೆದು ನೋಡಿ, ಹಾಂ, ಇಲ್ಲಿದ್ದಾನೆ ಎಂದರು.

ಅದಾದ ಮೇಲೂ ಕೂಡಲೇ ಏನೂ ಆಗಲಿಲ್ಲ. ದೀಪಾವಳಿ ಹೋಯಿತು. ಸುಳ್ಳು ಪುಟ ಮೊದಲನೆಯದರಿಂದ ಮೂರನೆಯದಕ್ಕೆ ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು. ನಮ್ಮದು ಎಲ್ಲಿಂದಲೋ ಬಂದು ಕೆಳಗೆ ಕೂತಿತು. ನಾನೂ ಬೆಳಗಿನ ಜಾವಕ್ಕೆ ಎಚ್ಚರವಾಗುವುದನ್ನು ರೂಢಿ ಮಾಡಿಕೊಂಡಿದ್ದೆ. ಎದ್ದ ಕೂಡಲೇ ಕಿವಿ ಹಿತ್ತಲಿನ ಕಡೆ ಹೋಗುತ್ತಿತ್ತು. ಎಲ್ಲಾದರೂ ಕಡ್ಡಿ ಗೀರಿದರೆ ಇವತ್ತಿಗೂ ಎದೆ ನಿಲ್ಲುತ್ತದೆ. ಅಷ್ಟು ಸಮಾಧಾನದ ದನಿಯಲ್ಲಿ, ಅಷ್ಟು ಗುರುತಿನ ಹೆಸರಿನಲ್ಲಿ ಸಾವು ಮನೆಯೊಳಗೆ ಬರಬಹುದು ಎಂಬುದು ನನಗೆ ಇನ್ನೂ ಅರಗಿಲ್ಲ. ಆ ಪುಟ ಪೂರ್ತಿ ಸತ್ತಿಲ್ಲ. ಹುಡುಕುತ್ತ ಕೆಳಗೆ ಹೋದರೆ ಈಗಲೂ ಸಿಗುತ್ತದೆ.

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಕಾಕು ಎಂದಿನಂತೆ ಫೋನಿಗೆ ಕೇಳಿದಳು. ನಾನು ಹೊಲಕ್ಕೆ ಚೆಲ್ಲುವ ಚರಗದ ಬುಟ್ಟಿಗೆ ಸಜ್ಜೆ ರೊಟ್ಟಿ, ಕಡಬು ಜೋಡಿಸುತ್ತಿದ್ದೆ. ಆ ಹೆಂಗಸಿನ ದನಿ ಮೊದಲ ಮಾತು ಹೇಳಿತು: ನೀರು ಹಾಕಬೇಡಿ. ಕಾಕು ಫೋನನ್ನು ಕಿವಿಯಿಂದ ದೂರ ಹಿಡಿದು ನೋಡಿದಳು. ಮತ್ತೆ ಕೇಳಿದಳು. ಕಾಕಾನ ಫೋನಿನಲ್ಲಿ ಕೇಳಿದಳು, ನನ್ನದರಲ್ಲಿ ಕೇಳಿದಳು, ಪಕ್ಕದ ಮನೆಯ ಅಜ್ಜಿಯದರಲ್ಲಿ ಕೇಳಿದಳು. ರಬಕವಿಗೆ ಫೋನು ಮಾಡಿ ಅಲ್ಲಿಯೂ ಕೇಳಿಸಿದಳು. ನೀರು ಹಾಕಬೇಡಿ, ಹೊರಗೆ ಬನ್ನಿ. ಎಲ್ಲ ಕಡೆ ಅದೇ. ಅವಳು ಬುಟ್ಟಿ ಹೊತ್ತುಕೊಂಡು ಹೊಲಕ್ಕೆ ನಡೆದಳು.

ಮರುದಿನ ನಾನು ಎದ್ದಾಗ ಬಿಸಿಲು ಪಡಸಾಲೆಗೆ ಬಂದಿತ್ತು, ಕರೆಂಟಿಲ್ಲದೆ ಮಗ್ಗಗಳು ಸುಮ್ಮನಿದ್ದವು. ಅಡುಗೆಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಕಾಕುವಿನ ದನಿ ಇಲ್ಲ, ಫೋನಿನ ದನಿಯೂ ಇಲ್ಲ. ಓಡಿ ಹೋಗಿ ಅವಳ ಕೋಣೆಯ ಬಾಗಿಲು ತಳ್ಳಿದೆ. ಅಂಗಾತ ಮಲಗಿದ್ದಳು, ಬಾಯಿ ತೆರೆದಿತ್ತು. ಹತ್ತಿರ ಹೋಗಿ ಬಗ್ಗಿದೆ. ಸಣ್ಣಗೆ ಗೊರಕೆ.

ಕಾಕಾ ಹಿಂದಿನಿಂದ ಬಂದು ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು. ರಾತ್ರಿ ಹಾಸಿಗೆ ಮುಟ್ಟಿದವಳು ಒಂದು ಸಲವೂ ಎದ್ದಿಲ್ಲವಂತೆ. ಚಹಾ ನಾನೇ ಮಾಡುತ್ತೇನೆ ಎಂದು ಒಲೆ ಹೊತ್ತಿಸಲು ಹೋದವರು, ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿ, ಅದನ್ನು ಕೆಳಗಿಟ್ಟು ಲೈಟರು ಹುಡುಕತೊಡಗಿದರು. ರಾತ್ರಿ ನಾನೂ ಎದ್ದಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.